ಮೂರು ಮಳೆಗಾಲ ಕಳೆದ ಏರ್ ರೈಫಲ್ ಸ್ಕೋಪ್: ನನ್ನ ಅನುಭವ

ಮೊದಲೇ ಹೇಳಿಬಿಡುತ್ತೇನೆ, ಇದು ಮಂಗ ಓಡಿಸುವುದಕ್ಕಲ್ಲ. ತೀರ್ಥಹಳ್ಳಿ ಕಡೆಯ ಮನೆಯಲ್ಲಿ ಏರ್ ರೈಫಲ್ ಇದೆ ಅಂದ ಕೂಡಲೇ ಎಲ್ಲರೂ ಕೇಳುವುದು ಅದನ್ನೇ. ಮಂಗನ ಕಾಟಕ್ಕೆ ನಮ್ಮಲ್ಲಿ ಪಟಾಕಿ ಹೊಡೆದವರಿದ್ದಾರೆ, ಹುಲಿ ಬೊಂಬೆ ಇಟ್ಟವರಿದ್ದಾರೆ, ನಾಯಿಗೇ ಹುಲಿಪಟ್ಟೆ ಬಳಿದವರೂ ಇದ್ದಾರೆ. ಶಿಕಾರಿಯಂತೂ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ನಮ್ಮ ರೈಫಲ್ ಹೊಡೆಯುವುದು ಮನೆ ಹಿಂದಿನ ದರೆಗೆ, ಅಂದರೆ ಕಡಿದ ಮಣ್ಣಿನ ಗೋಡೆಗೆ ಮಾತ್ರ. ದರೆಯ ಮುಂದೆ ಒಂದು ಗಳು, ಅದಕ್ಕೆ ದಾರ, ದಾರದ ತುದಿಯಲ್ಲಿ ಒಂದು ಗೋಟಡಿಕೆ. ದೂರ 20 ಮೀಟರ್. ನಳಿಗೆ 4.5 ಮಿ.ಮೀ., ಶಕ್ತಿ 20 ಜೂಲ್‌ಗಿಂತ ಕಡಿಮೆ, ಆದ್ದರಿಂದ ಲೈಸೆನ್ಸ್ ರಗಳೆಯೂ ಇಲ್ಲ.

ಈಗ ಸ್ಕೋಪ್, ಅಂದರೆ ರೈಫಲ್ ಮೇಲೆ ಕೂರಿಸುವ ಗುರಿ ದುರ್ಬೀನಿನ ವಿಷಯ. ನನ್ನದು 3-9×40: ಮೂರರಿಂದ ಒಂಬತ್ತು ಪಟ್ಟು ಹಿಗ್ಗಿಸಿ ತೋರಿಸುತ್ತದೆ, ಮುಂದಿನ ಗಾಜು 40 ಮಿ.ಮೀ. ಅಗಲ. ಉದ್ದ, ತೂಕ ಎಲ್ಲ ಮಾರುವವರ ಪುಟದಲ್ಲೇ ಇದೆ, ಅದನ್ನು ಬಿಡಿ. ಕಂಪನಿ ಹೆಸರು ಬರೆಯುತ್ತಿಲ್ಲ. ಈ ಬೆಲೆಯಲ್ಲಿ ಒಂದೇ ಥರದ ಮಾಲು ನಾಲ್ಕು ಹೆಸರಿನಲ್ಲಿ ಸಿಗುತ್ತದೆ, ಹೆಸರಿಗಿಂತ ಏನೇನು ನೋಡಬೇಕು ಅನ್ನುವುದೇ ಮುಖ್ಯ.

ಅದು ನನಗೆ ಗೊತ್ತಾಗಿದ್ದು ಪೆಟ್ಟು ತಿಂದ ಮೇಲೆ. ರೈಫಲ್ ಜೊತೆ ಒಂದು 4×32 ಸ್ಕೋಪ್ ಪುಕ್ಕಟೆ ಬಂದಿತ್ತು. ಎರಡು ತಿಂಗಳು ಚೆನ್ನಾಗಿತ್ತು. ಆಮೇಲೆ ಪೆಲೆಟ್ (ಏರ್ ರೈಫಲ್ಲಿನ ಸಣ್ಣ ಸೀಸದ ಗುಂಡು) ಒಂದು ಸಲ ಬಲಕ್ಕೆ, ಇನ್ನೊಂದು ಸಲ ಮೇಲಕ್ಕೆ ಹೋಗತೊಡಗಿತು. ನಾನು ನನ್ನ ಕೈಯನ್ನೇ ಬೈದುಕೊಂಡೆ. ಉಸಿರು ಹಿಡಿಯುವುದು ಸರಿಯಿಲ್ಲ, ಟ್ರಿಗರ್ ಎಳೆಯುವುದು ಸರಿಯಿಲ್ಲ ಅಂತ ಒಂದು ತಿಂಗಳು ದಂಡ ಹೊಡೆದೆ. ಕೊನೆಗೊಂದು ದಿನ ಸ್ಕೋಪ್ ಬಿಚ್ಚಿ ಕಿವಿ ಹತ್ತಿರ ಅಲ್ಲಾಡಿಸಿದರೆ ಒಳಗೆ ಗೆಜ್ಜೆ ಸದ್ದು.

ಸ್ಪ್ರಿಂಗ್ ರೈಫಲ್ಲಿನ ಒದೆಯೇ ಬೇರೆ. ತೋಟಾ ಕೋವಿ ಹಿಂದಕ್ಕೆ ಒಂದು ಸಲ ಒದ್ದು ಸುಮ್ಮನಾಗುತ್ತದೆ. ಇದರಲ್ಲಿ ಸ್ಪ್ರಿಂಗು ಪಿಸ್ಟನ್ನನ್ನು ಮುಂದಕ್ಕೆ ದೂಡುವಾಗ ರೈಫಲ್ ಹಿಂದಕ್ಕೆ ಬರುತ್ತದೆ. ಪಿಸ್ಟನ್ ತುದಿಗೆ ಹೋಗಿ ನಿಂತಾಗ ಇಡೀ ರೈಫಲ್ ಮತ್ತೆ ಮುಂದಕ್ಕೆ ಜಗ್ಗುತ್ತದೆ. ದೊಡ್ಡ ಬಂದೂಕಿಗೆಂದು ಮಾಡಿದ ದುಬಾರಿ ಸ್ಕೋಪುಗಳೂ ಈ ಎರಡನೇ ಜಗ್ಗಿಗೆ ಸಡಿಲವಾಗುವುದುಂಟು. ಅವುಗಳ ಗಾಜು ಕೂರಿಸಿರುವುದು ಒಂದೇ ದಿಕ್ಕಿನ ಒದೆ ತಡೆಯುವುದಕ್ಕೆ. ಸ್ಪ್ರಿಂಗ್ ಏರ್ ರೈಫಲ್ಲಿಗೆ ಆಗುತ್ತದೆ ಅಂತ ಡಬ್ಬದ ಮೇಲೆ ಬರೆದಿದೆಯಾ ಅಂತ ನೋಡಿ. ಬರೆದಿಲ್ಲದಿದ್ದರೆ ಅಂಗಡಿಯವನು ಎಷ್ಟೇ ಹೊಗಳಲಿ, ಬೇಡ.

ಆ ಸಲ ಅಡಿಕೆಗೆ ಒಳ್ಳೆ ರೇಟಿತ್ತು. 7,400 ರೂಪಾಯಿ ಕೊಟ್ಟು ಈಗಿನದನ್ನು ತಂದೆ. ಅದನ್ನು ರೈಫಲ್ಲಿಗೆ ಕಚ್ಚಿ ಹಿಡಿಯುವ ಮೌಂಟಿಗೆ ಬೇರೆ 900. ಈ 900ಕ್ಕೆ ಜಿಪುಣತನ ಮಾಡಬೇಡಿ. ಒಂದೇ ತುಂಡಿನ ಮೌಂಟ್ ತಗೊಳ್ಳಿ, ಕೆಳಗೆ ತಡೆ ಪಿನ್ ಇರುವಂಥದ್ದು. ರೈಫಲ್ ಬೆನ್ನಿನ ಮೇಲಿನ ತೂತಿಗೆ ಆ ಪಿನ್ ಇಳಿಸಬೇಕು. ಇಲ್ಲದಿದ್ದರೆ ದಿನಕ್ಕೆ ಕೂದಲೆಳೆಯಷ್ಟು ಹಿಂದೆ ಸರಿದು ಸರಿದು ತಿಂಗಳಲ್ಲಿ ಸ್ಕೋಪ್ ನಿಮ್ಮ ಹುಬ್ಬಿನ ಹತ್ತಿರ ಬಂದಿರುತ್ತದೆ.

ಇನ್ನು 9ರವರೆಗೆ ಹಿಗ್ಗಿಸಬಹುದು ಅಂತ ಖುಷಿಪಟ್ಟಿದ್ದು ಒಂದು ವಾರ ಅಷ್ಟೇ. 9ರಲ್ಲಿ ಅಡಿಕೆ ಕುಂಬಳಕಾಯಿಯಷ್ಟು ಕಾಣುತ್ತದೆ, ನಿಜ. ಆದರೆ ಅದು ನನ್ನ ಎದೆಬಡಿತದ ತಾಳಕ್ಕೆ ಕುಣಿಯುವುದೂ ಕಾಣುತ್ತದೆ. ಜೊತೆಗೆ ಸಂಜೆಯ ಕತ್ತಲು. ನಮ್ಮ ಮನೆ ಕಣಿವೆಯಲ್ಲಿದೆ, ಐದೂವರೆಗೆಲ್ಲ ದರೆ ಮೇಲೆ ನೆರಳು. 40ನ್ನು 9ರಿಂದ ಭಾಗಿಸಿ ನೋಡಿ, ನಾಲ್ಕೂವರೆ ಮಿ.ಮೀ. ಕೂಡ ಬರುವುದಿಲ್ಲ. ಸ್ಕೋಪಿನಿಂದ ಹೊರಬೀಳುವ ಬೆಳಕಿನ ಬಿಲ್ಲೆ ಅಷ್ಟೇ ಅಗಲ. 4ಕ್ಕೆ ಇಳಿಸಿದರೆ 10 ಮಿ.ಮೀ., ಕಣ್ಣಿನ ಪಾಪೆ ಎಷ್ಟೇ ಅರಳಿದರೂ ಸಾಕಾಗಿ ಮಿಗುತ್ತದೆ. ಮೂರು ವರ್ಷದಿಂದ ನನ್ನದು 4 ಮತ್ತು 5ರ ನಡುವೆಯೇ ನಿಂತಿದೆ.

ದುಡ್ಡು ಕೊಟ್ಟಿದ್ದಕ್ಕೆ ಸಾರ್ಥಕ ಅನಿಸಿದ್ದು ಮುಂದಿನ ಗಾಜಿನ ಸುತ್ತ ಇರುವ ಉಂಗುರ. ಅದನ್ನು ತಿರುಗಿಸಿ 10 ಗಜದಷ್ಟು ಹತ್ತಿರಕ್ಕೂ ಹೊಂದಿಸಬಹುದು. ಇದಿಲ್ಲದ ಸ್ಕೋಪುಗಳನ್ನು ಬಹಳಷ್ಟು ಸಲ 100 ಗಜಕ್ಕೆ ಹೊಂದಿಸಿ ಕಳಿಸಿರುತ್ತಾರೆ. 20 ಮೀಟರಿನಲ್ಲಿ ಅವು ಮಬ್ಬಾಗಿ ಕಾಣುವುದು ಒಂದು ತೊಂದರೆ. ತಲೆ ಸ್ವಲ್ಪ ಅತ್ತಿತ್ತ ಆದರೆ ಸ್ಕೋಪಿನೊಳಗೆ ಗುರಿಯಿಡಲು ಕಾಣುವ ಕೂಡುಗೆರೆ ಗುರಿಯ ಮೇಲೆ ಜಾರುವುದು ಅದಕ್ಕಿಂತ ದೊಡ್ಡದು. ನೀವೇ ಪರೀಕ್ಷೆ ಮಾಡಬಹುದು. ರೈಫಲ್ಲನ್ನು ಮರಳಿನ ಚೀಲದ ಮೇಲೆ ಇಟ್ಟು, ಮುಟ್ಟದೆ, ತಲೆ ಮಾತ್ರ ಆಡಿಸಿ ನೋಡಿ. ಗೆರೆ ಗುರಿಗೆ ಅಂಟಿಕೊಂಡಿದ್ದರೆ ಸರಿ, ಈಜಿದರೆ ಉಂಗುರ ತಿರುಗಿಸಿ. ಅದರ ಮೇಲೆ ಬರೆದ ಅಂಕಿಗಳನ್ನು ಮಾತ್ರ ನಂಬಬೇಡಿ. ನನ್ನದರಲ್ಲಿ 15 ಅಂತ ಇರುವ ಕಡೆ 20 ಸ್ಪಷ್ಟವಾಗುತ್ತದೆ. ಕಂಪನಿಗೆ ಎರಡು ಸಲ ಬರೆದೆ, ಉತ್ತರ ಇಲ್ಲ. ಹೆಂಡತಿಯ ನೇಲ್ ಪಾಲಿಶ್‌ನಿಂದ ನನ್ನದೇ ಗುರುತು ಹಾಕಿಕೊಂಡೆ.

ಝೀರೋ ಮಾಡುವುದು, ಅಂದರೆ ಗೆರೆ ನಿಂತಲ್ಲೇ ಪೆಲೆಟ್ ಬೀಳುವ ಹಾಗೆ ಹೊಂದಿಸುವುದು, ಸುಲಭ. ಸ್ಕೋಪಿನ ತಿರುಪಿನ ಒಂದು ಕ್ಲಿಕ್ಕಿಗೆ 100 ಗಜದಲ್ಲಿ ಕಾಲು ಇಂಚು ಅನ್ನುತ್ತಾರೆ. ನಮ್ಮ 20 ಮೀಟರಿಗೆ ಅದು ಸುಮಾರು 1.4 ಮಿ.ಮೀ. ಆಯಿತು. ಮೂರು ಸೆಂ.ಮೀ. ಸರಿಸಬೇಕಾದರೆ ಇಪ್ಪತ್ತೊಂದು-ಇಪ್ಪತ್ತೆರಡು ಕ್ಲಿಕ್. ಇನ್ನೊಂದು ಮಾತು, ಸ್ಕೋಪ್ ನಳಿಗೆಗಿಂತ ನಾಲ್ಕು ಸೆಂ.ಮೀ. ಮೇಲೆ ಕೂತಿರುತ್ತದೆ. ಹಾಗಾಗಿ 20ಕ್ಕೆ ಝೀರೋ ಮಾಡಿದ ರೈಫಲ್ಲಿನಲ್ಲಿ 5 ಮೀಟರಿಗೆ ಹೊಡೆದರೆ ಪೆಲೆಟ್ ಎರಡು ಸೆಂ.ಮೀ. ಕೆಳಗೆ ಬೀಳುತ್ತದೆ. ಹತ್ತಿರದ್ದು ತಪ್ಪಿತಲ್ಲ ಅಂತ ನನ್ನ ಹಾಗೆ ಕಕ್ಕಾಬಿಕ್ಕಿ ಆಗಬೇಡಿ.

ಮಳೆಗಾಲ ಬೇರೆಯದೇ ಕಥೆ. ಆಗುಂಬೆಗೆ ಸುರಿದು ಮಿಕ್ಕಿದ್ದು ನಮ್ಮ ಮೇಲೆ. ಚಪ್ಪಲಿಗೆ, ಬೆಲ್ಟಿಗೆ, ಗೋಡೆ ಮೇಲಿನ ಫೋಟೋಗೆ ಬೂಷ್ಟು ಹಿಡಿಯುವ ಮನೆಯಲ್ಲಿ ಗಾಜು ಯಾವ ಲೆಕ್ಕ? ಹಳೇ 4×32 ಒಳಗೆ ಜೇಡರ ಬಲೆಯ ಥರ ಬೂಷ್ಟು ಹಬ್ಬಿತ್ತು. ಹೊಸದಕ್ಕೆ ಒಳಗೆ ನೈಟ್ರೋಜನ್ ತುಂಬಿ ಸೀಲ್ ಮಾಡಿದೆ ಅಂತ ಡಬ್ಬದ ಮೇಲಿತ್ತು. ನಂಬಿಕೆ ಬರಲಿಲ್ಲ. ಬಚ್ಚಲ ಹಂಡೆಯಿಂದ ಉಗುರುಬೆಚ್ಚಗಿನ ನೀರು ಬಕೆಟಿಗೆ ಬಿಟ್ಟು ಮೆಲ್ಲಗೆ ಮುಳುಗಿಸಿದೆ. ಎಲ್ಲಾದರೂ ಬಿರುಕಿದ್ದರೆ ಒಳಗಿನ ಗಾಳಿ ಹಿಗ್ಗಿ ಗುಳ್ಳೆ ಬರಬೇಕು. ಬರಲಿಲ್ಲ. ಏಳು ಸಾವಿರದ ವಸ್ತುವನ್ನು ಬಕೆಟಿನಲ್ಲಿ ಅದ್ದುವಾಗ ನನ್ನ ಮುಖ ಹೇಗಿತ್ತು ಅಂತ ಹೆಂಡತಿ ಇವತ್ತಿಗೂ ಆಡಿ ತೋರಿಸುತ್ತಾಳೆ.

ಜೂನ್ ನಡುವೆ ಸ್ಕೋಪ್ ಕಳಚಿ, ರಬ್ಬರ್ ಅಂಚಿನ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಮಲಗಿಸುತ್ತೇನೆ. ಜೆಲ್ ಕಾಳುಗಳು ಒಣಗಿದ್ದಾಗ ನೀಲಿ, ತೇವ ಕುಡಿದ ಮೇಲೆ ಗುಲಾಬಿ. ಹತ್ತು ದಿನಕ್ಕೊಮ್ಮೆ ಸಣ್ಣ ಉರಿಯಲ್ಲಿ ಹುರಿಯುವುದು. ಹೊರಗೆ ಧೋ ಅಂತ ಮಳೆ, ಒಳಗೆ ಒಲೆ ಮುಂದೆ ಕೂತು ಗುಲಾಬಿ ಕಾಳು ಒಂದೊಂದೇ ನೀಲಿಗೆ ತಿರುಗುವುದನ್ನು ನೋಡುವುದು. ಗುಂಡು ಹೊಡೆಯುವುದಕ್ಕಿಂತ ಇದೇ ಜಾಸ್ತಿ ಇಷ್ಟ ಅಂತ ಕೆಲವೊಮ್ಮೆ ಅನಿಸುತ್ತದೆ. ಹುರಿಯುವ ಪಾತ್ರೆ ಬೇರೆಯೇ ಇರಲಿ. ಆ ನೀಲಿ ಬಣ್ಣ ಕೋಬಾಲ್ಟಿನದ್ದು, ಹೊಟ್ಟೆಗೆ ಹೋಗಬಾರದು. ಮೊದಲ ಸಲ ನಾನು ಅಮ್ಮ ಅವಲಕ್ಕಿ ಹುರಿಯುವ ಬಾಣಲೆ ತೆಗೆದುಕೊಂಡು ಆದ ರಂಪ ಇಲ್ಲಿ ಬೇಡ. "ಹಪ್ಪಳದ ಡಬ್ಬದ ಜೊತೆ ಬಚ್ಚಲ ಅಟ್ಟಕ್ಕೆ ಹಾಕೋ ಮಾರಾಯ, ಬೆಚ್ಚಗಿರ್ತದೆ" ಅಂದರು ಅಪ್ಪಯ್ಯ. ಹೊಗೆ ಹಿಡಿದ ಸ್ಕೋಪ್ ಒಂದು ಬಾಕಿ ಇತ್ತು.

ಮತ್ತೆ ಕೂರಿಸುವುದು ಆಯುಧ ಪೂಜೆ ಕಳೆದ ಮೇಲೆ. ಹೋದ ವರ್ಷ ಪೂಜೆಯಲ್ಲಿ ಅಮ್ಮ ಗಂಧದ ಬೊಟ್ಟು ಇಟ್ಟಿದ್ದು ನೇರ ಮುಂದಿನ ಗಾಜಿನ ನಡುಮಧ್ಯಕ್ಕೆ. ಗಾಬರಿಯಾಗಿ ನೋಡಿದರೆ ಬೊಟ್ಟು ಕಾಣಲೇ ಇಲ್ಲ, ಸ್ವಲ್ಪ ಮಂಕಾಗಿತ್ತು ಅಷ್ಟೇ. ಅಷ್ಟು ಹತ್ತಿರದ್ದಕ್ಕೆ ಸ್ಕೋಪ್ ಹೊಂದುವುದಿಲ್ಲ ನೋಡಿ. ಸಣ್ಣ ಗೀರು ಬಿತ್ತು ಅಂತ ನಿದ್ದೆ ಕೆಡಿಸಿಕೊಳ್ಳುವವರು ಇದನ್ನು ನೆನಪಿಟ್ಟುಕೊಳ್ಳಿ.

ಇಷ್ಟೇ ಆಗಿದ್ದರೆ ಐದಕ್ಕೆ ಮೂರು ನಕ್ಷತ್ರ ಕೊಟ್ಟು ಮುಗಿಸುತ್ತಿದ್ದೆ. ಅಪ್ಪಯ್ಯನಿಂದಾಗಿ ಲೆಕ್ಕ ತಪ್ಪಿತು.

ಅಪ್ಪಯ್ಯನಿಗೆ 74. ಒಂದು ಕಾಲಕ್ಕೆ ಊರಿನಲ್ಲಿ ಒಳ್ಳೆ ಈಡುಗಾರ ಅಂತ ಹೆಸರು. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಕೋವಿ ಈಗಲೂ ಇದೆ. ಚುನಾವಣೆ ಬಂದಾಗಲೆಲ್ಲ ಸ್ಟೇಷನ್ನಿಗೆ ಕೊಟ್ಟು, ಮುಗಿದ ಮೇಲೆ ತರಬೇಕು. ಮೊದಲೆಲ್ಲ ಫಲಿತಾಂಶ ಬಂದ ಮರುದಿನವೇ ಬಸ್ ಹತ್ತುತ್ತಿದ್ದವರು, ಎರಡೂ ಕಣ್ಣಿನ ಪೊರೆ ಆಪರೇಷನ್ ಆದ ಮೇಲಿನ ಚುನಾವಣೆಯಲ್ಲಿ ಅವಸರವನ್ನೇ ಮಾಡಲಿಲ್ಲ. ಯಾಕೆ ಅಂತ ನಾನೂ ಕೇಳಲಿಲ್ಲ. ನನ್ನ ಸ್ಕೋಪ್ ನೋಡಿ ಮಾತ್ರ "ಕಣ್ಣಿಲ್ಲದವರ ಆಟ" ಅಂತ ನಕ್ಕಿದ್ದರು.

ಒಂದು ಸಂಜೆ ನಾನು ಒಳಗೆ ಕಾಫಿ ಕುಡಿಯುತ್ತಿದ್ದೆ. ಹೊರಗೆ ಬಂದರೆ ಅವರು ಬೆಂಚಿನ ಮೇಲೆ ಕೂತು ಚೀಲದ ಮೇಲಿದ್ದ ರೈಫಲ್ಲಿನ ಸ್ಕೋಪಿಗೆ ಕಣ್ಣಿಟ್ಟಿದ್ದಾರೆ. "ಎಂಥದೂ ಕಾಣೂದಿಲ್ಲ, ಹೊಗೆ" ಅಂದರು. ಕಣ್ಣಿನ ಕಡೆಯ ತುದಿಯಲ್ಲೂ ಒಂದು ಉಂಗುರ ಇದೆಯಲ್ಲ, ಬಹಳ ಜನ ಮುಟ್ಟದೇ ಬಿಡುವುದು, ಅದನ್ನು ತಿರುಗಿಸಲು ಹೇಳಿದೆ. ಸ್ಕೋಪನ್ನು ಸುಣ್ಣದ ಗೋಡೆ ಕಡೆಗೋ ಖಾಲಿ ಆಕಾಶದ ಕಡೆಗೋ (ಸೂರ್ಯನ ಕಡೆ ಖಂಡಿತ ಅಲ್ಲ) ಇಟ್ಟು, ಗೆರೆ ಕಪ್ಪಗೆ ಚೂಪಾಗುವ ತನಕ ತಿರುಗಿಸಬೇಕು. ನಮ್ಮಂಥವರು ದಿಟ್ಟಿಸಿ ನೋಡಿದರೆ ಕಣ್ಣೇ ಹೊಂದಿಕೊಂಡು ಮೋಸ ಮಾಡುತ್ತದೆ, ಹಾಗಾಗಿ ನೋಡಿ ನೋಡಿ ಬಿಡಬೇಕು. ಆಪರೇಷನ್ ಆದ ಕಣ್ಣು ಹೊಂದಿಕೊಳ್ಳುವುದೇ ಇಲ್ಲ. ಅಪ್ಪಯ್ಯನಿಗೆ ಒಂದೇ ಸಲಕ್ಕೆ ಸಿಕ್ಕಿತು.

ಅವರು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಆಗ ನನಗೆ ಹೊಳೆಯಿತು. ಕೋವಿಯಲ್ಲಿ ಹತ್ತಿರದ ಕಚ್ಚು, ನಳಿಗೆ ತುದಿಯ ಮಣಿ, ದೂರದ ಗುರಿ, ಮೂರನ್ನೂ ಒಂದು ಸಾಲಿಗೆ ತರಬೇಕು. ಕಣ್ಣು ಸ್ಪಷ್ಟ ಮಾಡಿಕೊಡುವುದು ಒಂದನ್ನೇ. ಅದು ಮಣಿ ಆಗಿರಬೇಕು. ಅಪ್ಪಯ್ಯನ ಕಣ್ಣಿಗೆ ಹಾಕಿದ ಲೆನ್ಸು ದೂರದ್ದಕ್ಕೆ, ಮಣಿ ಬರೀ ಮಸಿ. ಸ್ಕೋಪಿನಲ್ಲಿ ಗೆರೆಯೂ ಗುರಿಯೂ ಒಂದೇ ಕಡೆ ಕೂತಿರುತ್ತವೆ, ಕಣ್ಣಿಗೆ ಓಡಾಟವೇ ಇಲ್ಲ. ವಯಸ್ಸಾದವರಿಗೆ ಸ್ಕೋಪಿನಿಂದ ಸಿಗುವ ನಿಜವಾದ ಲಾಭ ಇದು. ಹಿಗ್ಗಿಸಿ ತೋರಿಸುವುದೆಲ್ಲ ಆಮೇಲಿನದ್ದು.

ಮೂರನೇ ಪೆಲೆಟ್ಟಿಗೆ ಗೋಟಡಿಕೆ ಗಿರ್ರನೆ ತಿರುಗಿತು. "ಕುರುಡನೂ ಹೊಡೀತಾನೆ ಇದ್ರಲ್ಲಿ" ಅಂದು ಎದ್ದು ಹೋದರು. ಮರುದಿನ ಐದು ಗಂಟೆಗೆ ಬೆಂಚಿನ ಮೇಲೆ ನನಗಿಂತ ಮೊದಲು ಕೂತಿದ್ದರು.

ಅಂದಿನಿಂದ ಹಿಂದಿನ ಉಂಗುರಕ್ಕೆ ಎರಡು ಗುರುತು. ಬಿಳಿ ಗೆರೆ ನನ್ನದು, ಕೆಂಪು ಗೆರೆ ಅಪ್ಪಯ್ಯನದು. ಅವರು ಐದು ಹೊಡೆದು ರೈಫಲ್ ಕೆಳಗಿಟ್ಟಾಗ ನಾನು ಬಿಳಿಗೆ ತಿರುಗಿಸುತ್ತೇನೆ. ತಿರುಗಿಸಲು ಮರೆತರೆ ಜಗಳ. ಸೋತವರು ಅಡಿಕೆ ಕಟ್ಟಬೇಕು, ಮತ್ತೆ ಸೀಸದ ಪೆಲೆಟ್ ಮುಟ್ಟಿದ ಕೈ ಸೋಪು ಹಾಕಿ ತೊಳೆಯದೆ ಯಾರೂ ಕಾಫಿ ಲೋಟ ಮುಟ್ಟುವ ಹಾಗಿಲ್ಲ, ಇದು ಅಮ್ಮನ ಕಾನೂನು. ಮಗಳು ಮಂಗಟ್ಟೆ ಹಕ್ಕಿ ಬಂದಾಗ ಸ್ಕೋಪಿನಲ್ಲಿ ನೋಡುತ್ತೇನೆ ಅಂತ ಹಟ ಹಿಡಿದಿದ್ದಳು. ಕೊಡಲಿಲ್ಲ. ಹೊಡೆಯಬಾರದ್ದರ ಕಡೆಗೆ ನಳಿಗೆ ತಿರುಗಿಸುವ ಹಾಗೇ ಇಲ್ಲ. ಅವಳಿಗೆ ಒಂದು 8×42 ದುರ್ಬೀನು ತರಬೇಕಾಯಿತು, ಅದರ ಬಿಲ್ಲನ್ನೂ ಈ ಸ್ಕೋಪಿನ ಲೆಕ್ಕಕ್ಕೇ ಬರೆದುಕೊಂಡಿದ್ದೇನೆ.

ಮೂರನೇ ಮಳೆಗಾಲದ ನಂತರ ಮುಂದಿನ ಉಂಗುರ ಸ್ವಲ್ಪ ಸಡಿಲವಾಗಿದೆ. ಅಂಕಿಗಳ ಬಿಳಿ ಬಣ್ಣ ಅರ್ಧ ಹೋಗಿದೆ, ಹೇಗೂ ಅವು ಸುಳ್ಳೇ. ಒಳಗೆ ಮಂಜಿಲ್ಲ, ಬೂಷ್ಟಿಲ್ಲ, ಗೆಜ್ಜೆ ಸದ್ದಿಲ್ಲ. ದೂರ ಹೊಂದಿಸುವ ತಿರುಪು ಪಕ್ಕದಲ್ಲೇ ಇರುವ ಹೊಸ ನಮೂನೆ ಸ್ಕೋಪ್ ಕೊಳ್ಳುವ ಆಸೆಯಿಂದ ಇದನ್ನು ಮಾರುತ್ತೇನೆ ಅಂತ ಒಮ್ಮೆ ಬಾಯಿ ತಪ್ಪಿ ಹೇಳಿದೆ, ಅಪ್ಪಯ್ಯ ಎರಡು ದಿನ ಮಾತು ಬಿಟ್ಟರು. ನಾಲ್ಕು ನಕ್ಷತ್ರ. ಹೋಗಿದ್ದೊಂದು ಆ ಸುಳ್ಳು ಅಂಕಿಗಳಿಗೆ.

ಮೊನ್ನೆ ನೋಡಿದರೆ ಮಾಸಿದ್ದ ಕೆಂಪು ಗೆರೆಯನ್ನು ಅಪ್ಪಯ್ಯ ಮೊಮ್ಮಗಳ ನೇಲ್ ಪಾಲಿಶ್ ತಂದು ತಾವೇ ಮತ್ತೆ ಎಳೆದಿದ್ದಾರೆ. ಕೈ ಸ್ವಲ್ಪ ನಡುಗಿದೆ, ಗೆರೆ ದಪ್ಪಗಾಗಿದೆ. ನನ್ನ ಬಿಳಿ ಗೆರೆ ಅದರ ಅಡಿಗೆ ಹೋಗಿದೆ.