ಬ್ಯಾಂಕಾಕ್‌ನಲ್ಲಿ ಒಂದು ಭಾನುವಾರ: ಬಾಂಗ್ ಕ್ರಚಾವ್ ಸೈಕಲ್ಲೋ, ಮಹಾಚಾಯ್ ರೈಲೋ?

ಮಾಲು, ದೇವಾಲಯಗಳೆಲ್ಲ ಆಗಿ ಇನ್ನೊಂದು ದಿನ ಉಳಿದಿದ್ದರೆ ನನ್ನ ಮೊದಲ ಆಯ್ಕೆ ಬಾಂಗ್ ಕ್ರಚಾವ್. ಚಾವೊ ಫ್ರಾಯ ನದಿ ಸುತ್ತಿ ಬಳಸಿ ಹರಿಯುವ ದಟ್ಟ ಹಸಿರು ನೆಲ ಅದು. ಖ್ಲೋಂಗ್ ತೋಯ್ ಕಡೆಯಿಂದ ದೋಣಿಯಲ್ಲಿ ದಾಟಿದರೆ ದಡದ ಹತ್ತಿರವೇ ಸೈಕಲ್ ಬಾಡಿಗೆಗೆ ಸಿಗುತ್ತದೆ. ಜೌಗಿನ ಮೇಲೆ ಎತ್ತರಿಸಿ ಕಟ್ಟಿದ ಕಾಂಕ್ರೀಟ್ ದಾರಿಗಳು ತೋಟ, ಮನೆಗಳ ನಡುವೆ ನುಸುಳುತ್ತವೆ. ದಾರಿ ಕಿರಿದು, ಎಷ್ಟೋ ಕಡೆ ಕಂಬಿಯಿಲ್ಲ. ಈಗಷ್ಟೇ ಸೈಕಲ್ ಕಲಿತ ಮಕ್ಕಳಿಗೆ ಬೇಡವೇ ಬೇಡ. ಅಲ್ಲಿನ ಬಾಂಗ್ ನಾಮ್ ಫ್ಯೂಂಗ್ ಸಂತೆ ಕಳೆಗಟ್ಟುವುದು ವಾರಾಂತ್ಯದಲ್ಲೇ. ಬಿಸಿಲೇರುವ ಮೊದಲೇ ಹೊರಡಿ.

ಬಿಸಿಲು ಆಗದವರಿಗೆ, ಹಿರಿಯರಿಗೆ ರೈಲೇ ವಾಸಿ. ಬ್ಯಾಂಕಾಕ್‌ನ ವೊಂಗ್ವಿಯನ್ ಯಾಯ್ ನಿಲ್ದಾಣದಿಂದ ಮಹಾಚಾಯ್ ಎಂಬ ಮೀನುಗಾರರ ಪಟ್ಟಣಕ್ಕೆ ಸುಮಾರು ಒಂದು ಗಂಟೆ. ಟಿಕೆಟ್ ತೀರಾ ಅಗ್ಗ. ಹಿತ್ತಲುಗಳನ್ನು ಸವರಿಕೊಂಡೇ ಸಾಗುವ ರೈಲು ಮಾರುಕಟ್ಟೆಯ ಮಧ್ಯೆಯೇ ಇಳಿಸುತ್ತದೆ. ಅಲ್ಲಿರುವುದು ಮೀನು, ಸಿಗಡಿ, ಒಣಮೀನು. ಕರಾವಳಿಯವರಿಗೆ ಹಬ್ಬ! ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಂಡೇ ಹೋಗಬೇಕು.

ಮಳೆಗಾಲವಾದರೆ ಯೋಚಿಸದೆ ರೈಲು ಹತ್ತಿ. ಒದ್ದೆ ಕಾಂಕ್ರೀಟ್ ಮೇಲೆ ಸೈಕಲ್ ಜಾರುತ್ತದೆ.