ಮಳೆಗಾಲಕ್ಕೆ ಯಾವ ಮೀನು: ಒಣಗಿದ್ದೋ, ಹೊಳೆಯದೋ, ಫ್ರೋಜನ್ನೋ?

ಗೋವಾದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿ ಕಡಲಿಗಿಳಿಯುವಂತಿಲ್ಲ. ಅನೇಕ ಮೀನು ಮೊಟ್ಟೆಯಿಡುವ ಕಾಲವದು. ಹಾಗಾದರೆ ಇಲ್ಲಿರುವ ನಮ್ಮ ಕನ್ನಡಿಗರ ಮನೆಗಳ ಸಾರಿಗೇನು?

ಕೈ ಬಿಗಿಯಿದ್ದರೆ ಒಣಮೀನೇ ಸರಿ. ಮೇ ತಿಂಗಳಲ್ಲೇ ಮಾಪ್ಸಾದ ಶುಕ್ರವಾರದ ಸಂತೆಯಲ್ಲಿ ಒಣ ಬಂಗಡೆ, ಸಿಗಡಿ ಕೊಂಡಿಡಿ. ಫ್ರಿಜ್ ಬೇಡ, ಕರೆಂಟು ಹೋದರೂ ಚಿಂತೆಯಿಲ್ಲ. ಸಿಗಡಿ ಟಕ್ಕನೆ ಮುರಿಯಬೇಕು. ಬಾಗಿದರೆ ತೇವವಿದೆ, ಬೂಷ್ಟು ಹಿಡಿಯುತ್ತದೆ. ಬಿ.ಪಿ. ಇದ್ದವರಿಗೆ ಮಾತ್ರ ಅಷ್ಟು ಉಪ್ಪು ಬೇಡವೇ ಬೇಡ.

ಅವರಿಗೆ ಹೊಳೆಮೀನು ಒಳ್ಳೆಯದು: ಜುವಾರಿ, ಮಾಂಡೋವಿಯಲ್ಲಿ ಸಣ್ಣ ದೋಣಿಯವರು ಹಿಡಿದದ್ದು. ದುಬಾರಿ, ದಿನವೂ ಸಿಗದು. ಆದರೂ ಹಿಡಿದವರ ಕೈಯಿಂದಲೇ ಕೊಂಡರೆ ದುಡ್ಡು ನೇರ ಅವರ ಮನೆ ಸೇರುತ್ತದೆ, ನನಗೆ ಅದು ಮುಖ್ಯ. ಮರಿಮೀನು ಮಾತ್ರ ದಯವಿಟ್ಟು ಕೊಳ್ಳಬೇಡಿ.

ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ಫ್ರೋಜನ್ ಸುಲಭ. ಪೊಟ್ಟಣದೊಳಗೆ ದಪ್ಪ ಹಿಮದ ಹರಳು ಕಂಡರೆ ಬಿಟ್ಟುಬಿಡಿ.