0.45 ಮೈಕ್ರಾನ್ ಎಂದಷ್ಟೇ ಹೇಳಿದರೆ ಸಾಲದು: ನಾಲ್ಕು ಬಗೆಯ ಮೆಂಬ್ರೇನ್‌ಗಳ ಹೋಲಿಕೆ

ದಾವಣಗೆರೆಯ ನಮ್ಮ ಪ್ರಯೋಗಾಲಯದಲ್ಲಿ ಸೂಳೆಕೆರೆಯ ನೀರನ್ನೂ ಚಿತ್ರದುರ್ಗದ ಕಡೆಯ ಕೊಳವೆಬಾವಿಗಳ ನೀರನ್ನೂ ಸೋಸಬೇಕಾಗುತ್ತದೆ. ದ್ರಾವಣದಲ್ಲಿರುವ ಪದಾರ್ಥಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರಕ್ಕೆ ಹಾಕುವ, ಅಸಿಟೋನೈಟ್ರೈಲ್ ಎಂಬ ಸಾವಯವ ದ್ರಾವಕ ಬೆರೆತ ದ್ರಾವಣವನ್ನೂ ಸೋಸಬೇಕಾಗುತ್ತದೆ. ಇದಕ್ಕೆ ಬೇಕಾದ ಮೆಂಬ್ರೇನ್, ಅಂದರೆ ಸೋಸುವ ತೆಳು ಪೊರೆ, ತರಿಸುವಾಗ ನಾವು ಬಹಳ ಕಾಲ 47 ಮಿ.ಮೀ. ವ್ಯಾಸ ಮತ್ತು 0.45 ಮೈಕ್ರಾನ್ ರಂಧ್ರ ಎಂಬ ಎರಡು ಅಂಕಿಗಳನ್ನು ಮಾತ್ರ ನೋಡುತ್ತಿದ್ದೆವು. ಅದು ಸಾಲದೆಂದು ಮನವರಿಕೆಯಾದ ಮೇಲೆ ಇದೇ ಅಳತೆಯ ಸೆಲ್ಯುಲೋಸ್ ನೈಟ್ರೇಟ್, ನೈಲಾನ್, ಪಿಟಿಎಫ್‌ಇ (ಟೆಫ್ಲಾನ್) ಮತ್ತು ಪಾಲಿಈಥರ್‌ಸಲ್ಫೋನ್ ಎಂಬ ನಾಲ್ಕು ಬಗೆಯ ಪೊರೆಗಳನ್ನು ಒಂದೇ ಪಂಪಿಗೆ ಹಚ್ಚಿ ನೋಡಿದೆ.

ಸೂಕ್ಷ್ಮಾಣು ಪರೀಕ್ಷೆಗೆ ಸೆಲ್ಯುಲೋಸ್ ನೈಟ್ರೇಟ್‌ಗೆ ಸಾಟಿಯಾದುದನ್ನು ನಾನು ಕಾಣಲಿಲ್ಲ. ನೀರು ತಾಗಿದೊಡನೆ ಒದ್ದೆಯಾಗುತ್ತದೆ, ಮೇಲಿನ ಚೌಕುಳಿ ಗೆರೆಗಳಿಂದ ಕಾಲೊನಿಗಳನ್ನು (ಪೊರೆಯ ಮೇಲೆ ಬೆಳೆದು ಚುಕ್ಕೆಯಂತೆ ಕಾಣುವ ಬ್ಯಾಕ್ಟೀರಿಯಾ ಗುಂಪುಗಳನ್ನು) ಎಣಿಸುವುದು ಸುಲಭ, ಬೆಲೆಯೂ ಕಡಿಮೆ. ಕುಡಿಯುವ ನೀರಿನ ಐಎಸ್ 10500 ಮಾನದಂಡದಂತೆ 100 ಮಿ.ಲೀ. ನೀರಿನಲ್ಲಿ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಕಾಣಬಾರದು, ಆ ಎಣಿಕೆಗೆ ಈ ಪೊರೆ ಹೇಳಿ ಮಾಡಿಸಿದಂತಿದೆ. ಪೆಟ್ಟಿಗೆಯಲ್ಲಿ ಬಿಳಿ ಪೊರೆಗಳ ನಡುವೆ ಇರುವ ನೀಲಿ ಕಾಗದವನ್ನೇ ಪೊರೆಯೆಂದು ಭಾವಿಸಿ ಹೊಸ ವಿದ್ಯಾರ್ಥಿಯೊಬ್ಬರು ಇಡೀ ದಿನದ ಮಾದರಿಗಳನ್ನು ಕಳೆದುಕೊಂಡರು. ಮೊದಲ ದಿನವೇ ಅದನ್ನು ತೋರಿಸಿಕೊಡಬೇಕಾದುದು ನನ್ನ ಕರ್ತವ್ಯವಾಗಿತ್ತು. ಆದರೆ ಸಾವಯವ ದ್ರಾವಕಗಳ ಮುಂದೆ ಈ ಪೊರೆ ನಿಲ್ಲುವುದಿಲ್ಲ. ಗಾಜಿನ ತಟ್ಟೆಯಲ್ಲಿ ಒಂದು ಚೂರನ್ನಿಟ್ಟು ಅಸಿಟೋನ್ ಹನಿಸಿದಾಗ, ಅದು ಮೊದಲು ಪಾರದರ್ಶಕವಾಗಿ, ಆಮೇಲೆ ಅಂಟಿನಂತೆ ಕರಗಿ ತಟ್ಟೆಗೆ ಕಚ್ಚಿಕೊಂಡಿತು.

ಎಚ್‌ಪಿಎಲ್‌ಸಿ ಕೆಲಸದಲ್ಲಿ ಪೈಪೋಟಿ ಇರುವುದು ನೈಲಾನ್ ಮತ್ತು ಪಿಟಿಎಫ್‌ಇ ನಡುವೆ. ಪಿಟಿಎಫ್‌ಇ ಬಹುತೇಕ ಎಲ್ಲ ದ್ರಾವಕಗಳನ್ನೂ ತೀವ್ರ ಆಮ್ಲಗಳನ್ನೂ ತಾಳಿಕೊಳ್ಳುತ್ತದೆ. ಆದರೆ ಅದರ ಸಾಮಾನ್ಯ ರೂಪ ನೀರನ್ನು ಒಲ್ಲದು. ಒಣ ಪೊರೆಯ ಮೇಲೆ ಸುರಿದ ಬಫರ್ (ಆಮ್ಲೀಯತೆಯನ್ನು ಸ್ಥಿರವಾಗಿಡುವ, ನೀರಿನಲ್ಲಿ ಮಾಡಿದ ದ್ರಾವಣ) ಕೆಸುವಿನೆಲೆಯ ಮೇಲಿನ ನೀರಿನಂತೆ ಗುಂಡಗೆ ನಿಂತಿತು. ಪಂಪು ಎಷ್ಟು ಎಳೆದರೂ ಒಂದು ಹನಿಯೂ ಕೆಳಗಿಳಿಯಲಿಲ್ಲ. ಮೊದಲು ಮೆಥನಾಲ್‌ನಿಂದ ತೋಯಿಸಿ, ಅದು ಆರುವ ಮುನ್ನವೇ ಬಫರ್ ಸುರಿದರೆ ಸೋಸುವಿಕೆ ಸರಾಗವಾಗಿ ಸಾಗುತ್ತದೆ. ನಡುವೆ ಗಾಳಿ ಎಳೆದು ಪೊರೆ ಒಣಗಿದರೆ ಮತ್ತೆ ಮೊದಲಿನಿಂದ ತೋಯಿಸಬೇಕು. ನೈಲಾನ್‌ಗೆ ಈ ಉಪಚಾರ ಬೇಕಿಲ್ಲ. ನೀರು, ಮೆಥನಾಲ್, ಅಸಿಟೋನೈಟ್ರೈಲ್ ಮೂರಕ್ಕೂ ಅದು ಒಗ್ಗುತ್ತದೆ. ಆದ್ದರಿಂದ ದಿನನಿತ್ಯದ ಮಿಶ್ರಣಗಳಿಗೆ ನನ್ನ ಆಯ್ಕೆ ನೈಲಾನ್. ತೀವ್ರ ಆಮ್ಲಗಳಿಗೂ ಶುದ್ಧ ಸಾವಯವ ದ್ರಾವಕಗಳಿಗೂ ಮಾತ್ರ ಪಿಟಿಎಫ್‌ಇ.

ಪ್ರೋಟೀನ್ ಇರುವ ಮಾದರಿಗಳಿಗೆ ಇದೇ ನೈಲಾನ್ ಕೆಟ್ಟ ಆಯ್ಕೆ, ಏಕೆಂದರೆ ಅದು ಪ್ರೋಟೀನನ್ನು ತನ್ನ ಮೈಗೆ ಹಿಡಿದುಕೊಳ್ಳುತ್ತದೆ. ಅಲ್ಬುಮಿನ್ ಎಂಬ ಪ್ರೋಟೀನಿನ ತೆಳು ದ್ರಾವಣವನ್ನು ಸೋಸಿ ಅಳೆದಾಗ ನೈಲಾನ್‌ನಿಂದ ಇಳಿದುದರಲ್ಲಿ ಅಲ್ಬುಮಿನ್ ಗಮನಾರ್ಹವಾಗಿ ಕಡಿಮೆಯಿತ್ತು. ಪಾಲಿಈಥರ್‌ಸಲ್ಫೋನ್ ಪೊರೆಯಿಂದ ಇಳಿದುದು ಮೂಲ ದ್ರಾವಣಕ್ಕೆ ಹತ್ತಿರವಿತ್ತು, ಇಳಿದ ವೇಗವೂ ಹೆಚ್ಚು. ಈ ಪೊರೆಗೂ ಅಸಿಟೋನ್ ಆಗದು.

ಮಳೆಗಾಲದ ಸೂಳೆಕೆರೆಯ ಕೆಂಪು ನೀರು ಮಾತ್ರ ನಾಲ್ಕನ್ನೂ ಸೋಲಿಸಿತು. ಕೊಳವೆಬಾವಿಯ ತಿಳಿನೀರು ಇಳಿದಷ್ಟು ಹೊತ್ತಿನಲ್ಲಿ ಇದರ ಕಾಲುಭಾಗವೂ ಇಳಿಯದೆ ರಂಧ್ರಗಳು ಕಟ್ಟಿಕೊಂಡವು. ಕರಗಿದ ಲೋಹಗಳ ಪರೀಕ್ಷೆಯಾದರೆ ಮೇಲೊಂದು ಗಾಜಿನ ನಾರಿನ ಫಿಲ್ಟರ್ ಇಟ್ಟು ಕೆಸರನ್ನು ಮೊದಲೇ ತಡೆಯಬಹುದು. ಸೂಕ್ಷ್ಮಾಣು ಎಣಿಕೆಯಲ್ಲಿ ಹಾಗೆ ಮಾಡುವಂತಿಲ್ಲ, ಏಕೆಂದರೆ ಎಣಿಸಬೇಕಾದ ಬ್ಯಾಕ್ಟೀರಿಯಾಗಳೇ ಕೆಸರಿನೊಡನೆ ಮೇಲೆ ಉಳಿದುಬಿಡುತ್ತವೆ. ಆಗ 100 ಮಿ.ಲೀ. ನೀರನ್ನು ನಾಲ್ಕು ಸೆಲ್ಯುಲೋಸ್ ನೈಟ್ರೇಟ್ ಪೊರೆಗಳಿಗೆ ಹಂಚಿ ಸೋಸಿ, ನಾಲ್ಕರ ಕಾಲೊನಿಗಳನ್ನೂ ಕೂಡಿಸಿ ಬರೆಯುತ್ತೇನೆ.